ಬೀದರಿನಲ್ಲಿ ನೀರಿನ ಜಾಡು ಹಿಡಿದು: ಗುಡಿ, ಗುರುದ್ವಾರ, ಗೋರಿ, ಮಸೀದಿ ನೋಡುವವರಿಗೆ ಮೂರು ದಿನದ ಮಾರ್ಗದರ್ಶಿ

ಕರ್ನಾಟಕದ ನಕ್ಷೆಯ ತುತ್ತತುದಿಗೆ ಬೆರಳಿಟ್ಟರೆ ಅದು ಬೀದರ್. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆಯುವ ತನಕ ಈ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಗಡಿ ಬದಲಾದರೂ ಮಾತು ಬದಲಾಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ.

ಬಹಳ ಜನ ಬೀದರನ್ನು ಒಂದೇ ದಿನದಲ್ಲಿ ನೋಡಿ ಮುಗಿಸುತ್ತಾರೆ. ಬೆಳಿಗ್ಗೆ ಹೈದರಾಬಾದಿನಿಂದ ಕಾರು, ಕೋಟೆಯಲ್ಲಿ ಎರಡು ಗಂಟೆ, ಮದರಸಾ ಮುಂದೆ ಫೋಟೋ, ಗುರುದ್ವಾರದಲ್ಲಿ ಊಟ, ಸಂಜೆಗೆ ವಾಪಸ್. ನಾನು ಕೆಲಸದ ಮೇಲೆ ಕೆಲವು ವರ್ಷ ಬೀದರಿನಲ್ಲಿದ್ದೆ. ಬಂದ ನೆಂಟರನ್ನೆಲ್ಲ ಮೊದಮೊದಲು ನಾನೂ ಹೀಗೇ ಸುತ್ತಿಸುತ್ತಿದ್ದೆ. ಆಮೇಲೆ ಒಂದು ವಿಷಯ ಹೊಳೆಯಿತು. ಇಲ್ಲಿ ಒಂದೊಂದು ಧರ್ಮದ ಜಾಗವನ್ನು ಬೇರೆ ಬೇರೆ ಪಟ್ಟಿ ಮಾಡಿಕೊಂಡು ನೋಡಿದರೆ ಊರು ಕೈಗೆ ಸಿಗುವುದಿಲ್ಲ. ನೀರು ಎಲ್ಲಿ ಹರಿಯುತ್ತದೆ ಅಂತ ಹುಡುಕಿಕೊಂಡು ಹೋದರೆ ಎಲ್ಲವೂ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಈ ಮಾರ್ಗದರ್ಶಿ ಆ ಕ್ರಮದಲ್ಲೇ ಇದೆ.

ಹೊರಡುವ ಮುಂಚೆ

ಅಕ್ಟೋಬರಿನಿಂದ ಫೆಬ್ರವರಿ ಒಳಗೆ ಹೋಗಿ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಕೆಂಪು ಕಲ್ಲಿನ ಅಂಗಳದಲ್ಲಿ ಬರಿಗಾಲಿಡುವುದು ಕಷ್ಟ. ಈ ಪ್ರವಾಸದಲ್ಲಿ ಅರ್ಧಕ್ಕರ್ಧ ಬರಿಗಾಲಲ್ಲೇ ಇರುತ್ತೀರಿ. ಹೈದರಾಬಾದಿನಿಂದ ಬಸ್ಸಿನಲ್ಲಿ ಮೂರ್ನಾಲ್ಕು ಗಂಟೆ. ಕಲಬುರಗಿಯಿಂದ ರೈಲೂ ಇದೆ, ಬಸ್ಸೂ ಇದೆ. ಬೆಂಗಳೂರಿನವರು ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಇಳಿಯಬಹುದು.

ಚೀಲದಲ್ಲಿ ಇವಿಷ್ಟು ಇರಲಿ. ತಲೆಗೆ ಕಟ್ಟಲು ದೊಡ್ಡ ಕರವಸ್ತ್ರ ಅಥವಾ ದುಪಟ್ಟಾ, ಒಂದು ಟಾರ್ಚ್, ಒಂದು ಜೊತೆ ಹಳೆ ಬಟ್ಟೆ, ಟವೆಲ್, ಫೋನಿಗೆ ಗಟ್ಟಿ ಪ್ಲಾಸ್ಟಿಕ್ ಕವರ್. ಹಳೆ ಬಟ್ಟೆ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ದುರ್ಬೀನು ಇದ್ದರೆ ತನ್ನಿ. ಮದರಸಾದ ಮಿನಾರಿನ ಮೇಲಿನ ಬಣ್ಣದ ಬಿಲ್ಲೆಗಳು ಬರಿಗಣ್ಣಿಗೆ ಅರ್ಧವೇ ಕಾಣುವುದು.

ಊರೊಳಗೆ ಆಟೋ ಸಾಕು. ಏರುವ ಮುಂಚೆ ದರ ಮಾತಾಡಿಕೊಳ್ಳಿ, ಅಥವಾ ಅರ್ಧ ದಿನಕ್ಕೆ ಒಬ್ಬರನ್ನೇ ಗೊತ್ತು ಮಾಡಿಕೊಳ್ಳಿ. ಬೀದರಿನ ಆಟೋದವರಿಗೆ ಎಲ್ಲ ಜಾಗದ ಕಥೆಯೂ ಗೊತ್ತು. ಹಿರಿಯರನ್ನು ಮಾತಾಡಿಸುವಾಗ 'ಕಾಕಾ' ಅಥವಾ 'ಚಾಚಾ' ಅನ್ನಿ, ಮಾತಿನ ಕೊನೆಗೆ ಒಂದು 'ರೀ' ಸೇರಿಸಿ. ಬಾಗಿಲು ಬೇಗ ತೆರೆಯುತ್ತದೆ.

ಮೊದಲು ಕಲ್ಲು ನೋಡಿ

ಗುಡಿ ಗೋಪುರಕ್ಕಿಂತ ಮುಂಚೆ ಕೋಟೆಯ ಕಂದಕದ ಹತ್ತಿರ ಹೋಗಿ ನಿಲ್ಲಿ. ಬೀದರ್ ಕೂತಿರುವುದು ಒಂದು ಎತ್ತರದ ಬಯಲಿನ ಮೇಲೆ. ಮೇಲಿನ ಪದರ ಜಂಬಿಟ್ಟಿಗೆ, ಅಂದರೆ ಜೇನುಗೂಡಿನ ಹಾಗೆ ತೂತು ತೂತಾದ ಕೆಂಪು ಕಲ್ಲು. ಅದರ ಕೆಳಗೆ ಗಟ್ಟಿ ಕರಿಕಲ್ಲು. ಮಳೆ ನೀರು ಕೆಂಪು ಕಲ್ಲಿನಲ್ಲಿ ಸಲೀಸಾಗಿ ಇಂಗುತ್ತದೆ, ಕರಿಕಲ್ಲು ಸಿಕ್ಕಿದ ಕೂಡಲೇ ನಿಲ್ಲುತ್ತದೆ. ನಿಂತ ನೀರು ಅಡ್ಡಕ್ಕೆ ಸರಿಯುತ್ತಾ ಬಯಲಿನ ಅಂಚಿಗೆ ಬಂದು ಝರಿಯಾಗಿ ಹೊರಗೆ ಬೀಳುತ್ತದೆ. ಊರಿನ ಸುತ್ತ ಇಂಥ ಝರಿಗಳು ಹಲವಿವೆ. ಝರಿ ಹೊರಬಿದ್ದ ಕಡೆ ಒಂದಲ್ಲ ಒಂದು ಪೂಜೆಯ ಜಾಗ ಬೆಳೆದಿದೆ.

ಕೋಟೆಯ ದಕ್ಷಿಣಕ್ಕೆ ಈ ಕಲ್ಲನ್ನೇ ಕೊರೆದು ಮೂರು ಸಾಲು ಕಂದಕ ಮಾಡಿದ್ದಾರೆ. ಅದರ ಗೋಡೆಯ ಹತ್ತಿರ ಹೋಗಿ ಕೈಯಿಟ್ಟು ನೋಡಿ. ಮಳೆ ಮುಗಿದ ತಿಂಗಳುಗಳಲ್ಲಿ ಕೆಳಗಿನ ಭಾಗ ಒದ್ದೆಯಾಗಿ ತಣ್ಣಗಿರುತ್ತದೆ. ಇನ್ನು ಮೂರು ದಿನ ನೀವು ನೋಡುವುದೆಲ್ಲ ಈ ಒದ್ದೆಯ ಕಥೆಯೇ.

ಮೊದಲ ದಿನ, ಬೆಳಿಗ್ಗೆ: ನರಸಿಂಹ ಝರಣಿ

ಊರಿನಿಂದ ಹತ್ತಿರವೇ, ಆಟೋದಲ್ಲಿ ಕೆಲವೇ ನಿಮಿಷದ ದಾರಿ. ಇದೊಂದು ಗುಹೆ. ಕೆಂಪು ಕಲ್ಲಿನ ಒಳಗೆ ಸುಮಾರು 300 ಮೀಟರ್ ಸುರಂಗ, ಅದರ ತುಂಬ ನೀರು. ಸೊಂಟದಿಂದ ಎದೆಯ ತನಕ ಬರುತ್ತದೆ. ಆ ನೀರಿನಲ್ಲೇ ನಡೆದುಕೊಂಡು ಹೋಗಿ ಕೊನೆಯ ಗೋಡೆಯಲ್ಲಿರುವ ನರಸಿಂಹನ ದರ್ಶನ ಮಾಡಬೇಕು. ಪಕ್ಕದಲ್ಲೇ ಒಂದು ಶಿವಲಿಂಗವೂ ಇದೆ.

ಕಥೆ ಹೀಗಿದೆ. ಹಿರಣ್ಯಕಶಿಪುವನ್ನು ಕೊಂದ ಮೇಲೆ ನರಸಿಂಹ ಜಲಾಸುರ ಅನ್ನುವ ರಾಕ್ಷಸನನ್ನೂ ಕೊಂದ. ಜಲಾಸುರ ಶಿವಭಕ್ತ. ಸಾಯುವಾಗ ಅವನು ನರಸಿಂಹನನ್ನು ಈ ಗುಹೆಯಲ್ಲೇ ಇರು ಎಂದು ಬೇಡಿಕೊಂಡ. ತಾನು ನೀರಾಗಿ ಅವನ ಪಾದದ ಬುಡದಲ್ಲಿ ಹರಿಯತೊಡಗಿದ. ಆ ಲಿಂಗ ಜಲಾಸುರ ಪೂಜಿಸುತ್ತಿದ್ದದ್ದು ಅಂತ ಜನ ನಂಬುತ್ತಾರೆ. ಕೊಂದವನ ಪಕ್ಕದಲ್ಲೇ ಸತ್ತವನ ದೇವರಿಗೂ ಪೂಜೆ ನಡೆಯುತ್ತದೆ. ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ್ದು ಅದು.

ಒಳಗೆ ಹೋಗುವ ಕ್ರಮ ಹೇಳುತ್ತೇನೆ. ಹಿಂದಿನ ದಿನವೇ ಆಟೋದವರನ್ನೋ ಲಾಡ್ಜಿನವರನ್ನೋ ಕೇಳಿ ಗುಹೆ ತೆರೆದಿದೆಯಾ ಅಂತ ತಿಳಿದುಕೊಳ್ಳಿ. ನೀರಿನ ಮಟ್ಟ, ಒಳಗಿನ ಗಾಳಿ ನೋಡಿಕೊಂಡು ಕೆಲವೊಮ್ಮೆ ಮುಚ್ಚುತ್ತಾರೆ. ತೆರೆದಿದ್ದರೆ ಬೆಳಿಗ್ಗೆ ಬೇಗ ಹೋಗಿ. ರಜಾ ದಿನ ಸಾಲು ಉದ್ದ, ಒಳಗಿನ ಗರ್ಭಗುಡಿಯಲ್ಲಿ ಒಮ್ಮೆಗೆ ಏಳೆಂಟು ಜನ ನಿಲ್ಲುವಷ್ಟೇ ಜಾಗ. ಹಳೆ ಬಟ್ಟೆ ಹಾಕಿಕೊಳ್ಳಿ. ಸೀರೆ ಉಟ್ಟವರು ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಫೋನು, ಪರ್ಸು ಹೊರಗೆ ಜೊತೆಯವರ ಹತ್ತಿರ ಬಿಡುವುದೇ ಒಳ್ಳೆಯದು. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಉಸಿರಾಟದ ತೊಂದರೆ, ಹೃದಯದ ತೊಂದರೆ ಇರುವವರು ದಯವಿಟ್ಟು ಹೊರಗಿನಿಂದಲೇ ಕೈಮುಗಿಯಿರಿ. ತಲೆಯ ಮೇಲೆ ಬಾವಲಿ ಹಾರುತ್ತವೆ. ಅವು ಯಾರಿಗೂ ಏನೂ ಮಾಡುವುದಿಲ್ಲ, ನೀವೂ ಕೂಗಬೇಡಿ.

ನಾನು ಮೊದಲ ಸಲ ಚಿಕ್ಕಮ್ಮನ ಜೊತೆ ಹೋಗಿದ್ದೆ. ಅರ್ಧ ದಾರಿಯಲ್ಲಿ ನೀರು ಎದೆಗೆ ಬಂತು, ಚಿಕ್ಕಮ್ಮ ನಿಂತುಬಿಟ್ಟರು. ಮುಂದೆ ಹೋಗಲೂ ಆಗದು, ಹಿಂದೆ ಜನ. ಆಗ ನಮ್ಮ ಹಿಂದಿದ್ದ ಒಬ್ಬ ಹೆಂಗಸು ಅವರ ಕೈ ಹಿಡಿದರು. 'ಘಾಬರೂ ನಕಾ, ಮಾವಶಿ' ಅಂದರು, ಗಾಬರಿಯಾಗಬೇಡಿ ಚಿಕ್ಕಮ್ಮ ಅಂತ. ಚಿಕ್ಕಮ್ಮನಿಗೆ ಮರಾಠಿ ಒಂದಕ್ಷರ ಬರುವುದಿಲ್ಲ. ಆದರೂ ಗಾಬರಿ ಅನ್ನುವುದು ತಿಳಿಯಿತು, ಕೈ ಬಿಸಿಯಾಗಿದ್ದದ್ದು ತಿಳಿಯಿತು. ಕೊನೆತನಕ ಆ ಕೈ ಬಿಡಲಿಲ್ಲ. ದರ್ಶನ ಮುಗಿಸಿ ಹೊರಗೆ ಬಂದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು, ಒಬ್ಬರು ಕನ್ನಡದಲ್ಲಿ ಇನ್ನೊಬ್ಬರು ಮರಾಠಿಯಲ್ಲಿ, ಕೂದಲು ಒರೆಸಿಕೊಳ್ಳುತ್ತಾ ಅರ್ಧ ಗಂಟೆ ಮಾತಾಡಿದರು.

ಮೊದಲ ದಿನ, ಮಧ್ಯಾಹ್ನ: ಗುರುನಾನಕ್ ಝೀರಾ

ಒಣಬಟ್ಟೆ ಹಾಕಿಕೊಂಡು ಇಲ್ಲಿಗೆ ಬನ್ನಿ. ಹಸಿವೂ ಆಗಿರುತ್ತದೆ. ಝೀರಾ ಅಂದರೆ ಝರಿಯೇ. 16ನೇ ಶತಮಾನದ ಆರಂಭದಲ್ಲಿ ಗುರುನಾನಕರು ದಕ್ಷಿಣಕ್ಕೆ ಬಂದಾಗ ಬೀದರಿನಲ್ಲಿ ತಂಗಿದ್ದರು ಅನ್ನುವುದು ಸಿಖ್ಖರ ಪರಂಪರೆಯ ಮಾತು. ಆಗ ಊರಿನ ನೀರು ಕುಡಿಯಲು ಬರುತ್ತಿರಲಿಲ್ಲ. ಊರಿನ ಮುಸ್ಲಿಂ ಫಕೀರರು ಗುರುಗಳ ಹತ್ತಿರ ಕಷ್ಟ ಹೇಳಿಕೊಂಡರು. ಗುರುಗಳು ಪಾದುಕೆಯಿಂದ ಒಂದು ಕಲ್ಲನ್ನು ಸರಿಸಿದರು, ಸಿಹಿನೀರು ಚಿಮ್ಮಿತು. ಆ ಝರಿ ಇಂದಿಗೂ ಹರಿಯುತ್ತಿದೆ. ಗುಡ್ಡದ ಬುಡದಿಂದ ಬಂದ ನೀರು ಅಮೃತಕುಂಡಕ್ಕೆ ಬೀಳುತ್ತದೆ. ಬೆಳಿಗ್ಗೆ ನೀವು ಎದೆಯುದ್ದ ಇಳಿದದ್ದೂ ಇಂಥದೇ ಕೆಂಪು ಕಲ್ಲಿನೊಳಗಿಂದ ಬಂದ ನೀರು.

ಗುರುದ್ವಾರದ ಕಟ್ಟಡ 1948ರದ್ದು. ಹಳೆಯ ಕೆತ್ತನೆ ನೋಡುತ್ತೇನೆ ಅಂದುಕೊಂಡು ಬಂದರೆ ಸಿಗುವುದಿಲ್ಲ. ಹಳೆಯದು ಇಲ್ಲಿ ನೀರು, ಆಮೇಲೆ ನಡವಳಿಕೆ. ಚಪ್ಪಲಿ ಬಿಡಿ, ಕಾಲು ತೊಳೆಯಿರಿ, ತಲೆಗೆ ಬಟ್ಟೆ ಕಟ್ಟಿ. ಗಂಡಸರಿಗೂ ಹೆಂಗಸರಿಗೂ ಇದೇ ನಿಯಮ. ಒಳಗೆ ಗುರು ಗ್ರಂಥ ಸಾಹೇಬದ ಎದುರು ತಲೆಬಾಗಿ, ಕೀರ್ತನೆ ನಡೆಯುತ್ತಿದ್ದರೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಅರ್ಥ ಆಗದಿದ್ದರೂ ಪರವಾಗಿಲ್ಲ.

ಆಮೇಲೆ ಲಂಗರಿಗೆ, ಅಂದರೆ ಎಲ್ಲರಿಗೂ ಒಟ್ಟಿಗೆ ಊಟ ಬಡಿಸುವ ಜಾಗಕ್ಕೆ, ಹೋಗಿ. ನೆಲದ ಮೇಲೆ ಸಾಲಾಗಿ ಕೂರಬೇಕು. ರೊಟ್ಟಿ ಕೊಡುವಾಗ ಎರಡೂ ಕೈ ಒಟ್ಟಿಗೆ ಚಾಚಿ ಹಿಡಿಯಿರಿ, ತಟ್ಟೆಗೆ ಹಾಕಿ ಅನ್ನಬೇಡಿ. ತಿನ್ನುವಷ್ಟೇ ಹಾಕಿಸಿಕೊಳ್ಳಿ. ಯಾರೂ ನಿಮ್ಮ ಜಾತಿ, ಊರು, ದುಡ್ಡು ಕೇಳುವುದಿಲ್ಲ. ಊಟ ಮುಗಿದ ಮೇಲೆ ಸ್ವಲ್ಪ ಹೊತ್ತು ಪಾತ್ರೆ ತೊಳೆಯುವ ಜಾಗದಲ್ಲಿ ಸೇವೆ ಮಾಡಬಹುದು. ಮಕ್ಕಳಿದ್ದರೆ ಖಂಡಿತ ಮಾಡಿಸಿ.

ಇನ್ನೊಂದು ವಿಷಯ ಕನ್ನಡಿಗರಿಗೆ ಗೊತ್ತಿರಬೇಕು. 1699ರಲ್ಲಿ ಗುರು ಗೋಬಿಂದ್ ಸಿಂಗರು ಆನಂದಪುರದಲ್ಲಿ ಖಾಲ್ಸಾ, ಅಂದರೆ ದೀಕ್ಷೆ ಪಡೆದ ಸಿಖ್ಖರ ಪಂಥ, ಕಟ್ಟಿದಾಗ ತಲೆ ಕೊಡಲು ಮುಂದೆ ಬಂದ ಐದು ಜನ 'ಪಂಜ್ ಪ್ಯಾರೆ'ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಕ್ಷೌರಿಕರ ಮನೆಯವರು. ಪಂಜಾಬಿನಿಂದ ಬರುವ ಯಾತ್ರಿಕರಿಗೆ ಬೀದರ್ ಅಂದರೆ ಆ ಹೆಸರೂ ನೆನಪಾಗುತ್ತದೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇದೇ ಯಾತ್ರಿಕರು ಮಹಾರಾಷ್ಟ್ರದ ನಾಂದೇಡಿನ ಹಜೂರ್ ಸಾಹೇಬ್ ಗುರುದ್ವಾರಕ್ಕೂ ಹೋಗಿ ಬರುತ್ತಾರೆ. ಬೀದರ್ ತಾಲ್ಲೂಕಿನ ಜನವಾಡದಲ್ಲಿ ಮಾಯಿ ಭಾಗೋ ಅನ್ನುವ ವೀರ ಹೆಣ್ಣುಮಗಳ ನೆನಪಿನ ಗುರುದ್ವಾರವೂ ಇದೆ. ಹೊತ್ತಿದ್ದರೆ ನೋಡಿ.

ಮೊದಲ ದಿನ, ಸಂಜೆ: ಪಾಪನಾಶ ಮತ್ತು ಸುರಂಗ ಬಾವಿ

ಪಾಪನಾಶದ ಶಿವನ ಗುಡಿ ಊರಿನ ಅಂಚಿನ ತಗ್ಗಿನಲ್ಲಿದೆ. ಲಂಕೆಯಿಂದ ವಾಪಸ್ ಬರುವಾಗ ರಾಮ ಇಲ್ಲಿ ಲಿಂಗ ಇಟ್ಟ ಅಂತ ಕಥೆ. ಪಕ್ಕದಲ್ಲಿ ಕೊಳ. ಸಂಜೆ ಹೊತ್ತು ಊರಿನವರು ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ಅರ್ಧ ಗಂಟೆ ಸಾಕು.

ನೌಬಾದಿನ ಸುರಂಗ ಬಾವಿಗೆ ಬೆಳಕಿರುವಾಗಲೇ ಹೋಗಿ. ಇದನ್ನು ಕರೇಜ್ ಅಂತಲೂ ಕರೆಯುತ್ತಾರೆ. ಬಹಮನಿ ಕಾಲದಲ್ಲಿ ಇರಾನಿನ ಪದ್ಧತಿಯಂತೆ ನೆಲದಡಿ ಕೊರೆದ ಉದ್ದನೆಯ ಕಾಲುವೆ. ಮೇಲಿನಿಂದ ಸಾಲಾಗಿ ಬಾವಿಯಂಥ ಕಂಡಿಗಳು, 20ಕ್ಕೂ ಹೆಚ್ಚು. ಕಂಡಿಯ ಅಂಚಿಗೆ ತೀರಾ ಹತ್ತಿರ ಹೋಗಬೇಡಿ, ಮಕ್ಕಳ ಕೈ ಬಿಡಬೇಡಿ. ಇದು ಪೂಜೆಯ ಜಾಗ ಅಲ್ಲ. ಆದರೆ ಎಲ್ಲ ಪೂಜೆಯ ಜಾಗದವರೂ ಕುಡಿದ ನೀರಿನ ಲೆಕ್ಕ ಇಲ್ಲಿದೆ. ಅದಕ್ಕೇ ಸೇರಿಸಿದ್ದೇನೆ.

ಎರಡನೇ ದಿನ, ಬೆಳಿಗ್ಗೆ: ಅಷ್ಟೂರು

ಈ ಇಡೀ ಪ್ರವಾಸದಲ್ಲಿ ಒಂದೇ ಜಾಗ ನೋಡಲು ಆಗುವುದು ಅಂದರೆ ಅಷ್ಟೂರಿಗೆ ಹೋಗಿ. ಊರಿನಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್. ಹೊಲಗಳ ನಡುವೆ ಬಹಮನಿ ಸುಲ್ತಾನರ ದೊಡ್ಡ ದೊಡ್ಡ ಗುಮ್ಮಟದ ಗೋರಿಗಳು ಸಾಲಾಗಿ ನಿಂತಿವೆ.

ದಾರಿಯಲ್ಲಿ ಮೊದಲು ಚೌಖಂಡಿ ಸಿಗುತ್ತದೆ. ಆಟೋ ನಿಲ್ಲಿಸಿ, ಮೆಟ್ಟಿಲು ಹತ್ತಿ. ಎಂಟು ಮೂಲೆಯ ಎರಡಂತಸ್ತಿನ ಗೋಡೆ, ಅದರ ಒಳಗೆ ಚೌಕದ ಇನ್ನೊಂದು ಕಟ್ಟಡ. ಇರಾನಿನ ಕಿರ್ಮಾನಿನ ಸೂಫಿ ಸಂತ ಶಾ ನಿಯಾಮತುಲ್ಲಾ ಅವರ ಮಗ ಖಲೀಲುಲ್ಲಾ ಅವರ ಗೋರಿ ಇದು. ಕಮಾನುಗಳ ಅಂಚಿಗೆ ಕರಿಕಲ್ಲಿನಲ್ಲಿ ಹಗ್ಗ ಹೊಸೆದ ಹಾಗೆ ಕೆತ್ತಿದ್ದಾರೆ. ಬಾಗಿಲ ಮೇಲಿನ ಅಕ್ಷರಗಳನ್ನು ಓದಲು ಬರದಿದ್ದರೂ ದುರ್ಬೀನು ಹಿಡಿದು ನೋಡಿ. ಒಂದಕ್ಷರದ ಹೊಟ್ಟೆಯಲ್ಲಿ ಇನ್ನೊಂದು ಅಕ್ಷರ, ಬಳ್ಳಿಯ ಹಾಗೆ. ಬರೆದವರು ಶಿರಾಜಿನ ಮುಘೀಸ್.

ಆಮೇಲೆ ಅಹಮದ್ ಶಾ ವಲಿಯ ಗೋರಿ. ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದವನು ಇವನೇ. 1422ರಿಂದ 1436ರವರೆಗೆ ಆಳಿದ. ಇವನ ಕಾಲದಲ್ಲಿ ಘೋರ ಬರ ಬಂತಂತೆ. ಸುಲ್ತಾನ ಗುಡ್ಡ ಹತ್ತಿ ಒಬ್ಬನೇ ಪ್ರಾರ್ಥನೆ ಮಾಡಿದ, ಮಳೆ ಸುರಿಯಿತು. ಅಂದಿನಿಂದ ಜನ ವಲಿ, ಅಂದರೆ ಸಂತ, ಅಂತ ಕರೆದರು. ನೋಡಿ, ಇಲ್ಲಿಯೂ ನೀರೇ.

ಒಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಎರಡು ನಿಮಿಷ ಬಾಗಿಲ ಒಳಗೆ ಸುಮ್ಮನೆ ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ. ನಿಧಾನಕ್ಕೆ ಗೋಡೆಯಿಂದ ಬಣ್ಣ ಎದ್ದು ಬರುತ್ತದೆ. ಕುಂಕುಮದ ಕೆಂಪು, ಹಸಿರು, ನೀಲಿ, ಅದರ ಮೇಲೆ ಚಿನ್ನದ ಅಕ್ಷರ. ನಾನು ಹೋದಾಗ ಅಲ್ಲಿದ್ದ ಚಾಚಾ ಬಾಗಿಲಲ್ಲಿ ಕೂತು ಒಂದು ಕನ್ನಡಿ ಹಿಡಿದರು. ಹೊರಗಿನ ಬಿಸಿಲು ಕನ್ನಡಿಗೆ ಬಡಿದು ಗುಮ್ಮಟದ ಒಳಮೈ ಮೇಲೆ ತಟ್ಟೆಯಷ್ಟು ಬೆಳಕಾಗಿ ಬಿತ್ತು. ಅವರು ಮಣಿಕಟ್ಟು ಒಂಚೂರು ತಿರುಗಿಸಿದರೆ ಬೆಳಕು ಮೇಲೆ ಒಂದು ಸಾಲು ದಾಟುತ್ತಿತ್ತು. ಸೂಫಿ ಗುರುಗಳ ಹೆಸರು ಒಂದಾದ ಮೇಲೊಂದು ಹೊಳೆದು ಆರಿದವು. ಹಾಗಾಗಿ ಬೆಳಿಗ್ಗೆಯೇ ಹೋಗಿ, ಬಿಸಿಲು ಚೆನ್ನಾಗಿರಲಿ. ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ, ಟಾರ್ಚನ್ನು ಬಣ್ಣಕ್ಕೆ ಹತ್ತಿರ ಹಿಡಿಯಬೇಡಿ. ಆರುನೂರು ವರ್ಷದ ಬಣ್ಣ ಅದು. ಹೊರಡುವಾಗ ನೋಡಿಕೊಳ್ಳುವವರ ಕೈಗೆ ಏನಾದರೂ ಕೊಡಿ.

ಈ ಗೋರಿಯ ದೊಡ್ಡ ಸಂಗತಿ ಗೋಡೆಯ ಮೇಲಿಲ್ಲ. ಅಹಮದ್ ಶಾ ವಲಿಯನ್ನು ಇಲ್ಲಿನ ಲಿಂಗಾಯತರು ಅಲ್ಲಮಪ್ರಭುವಿನ ಅವತಾರ ಅಂತ ನಂಬುತ್ತಾರೆ. ಪ್ರತಿ ವರ್ಷ ಹೋಳಿ ಹುಣ್ಣಿಮೆ ಆದ ಮೇಲೆ ಇಲ್ಲಿ ಉರುಸು ನಡೆಯುತ್ತದೆ. ಜನ ಅದನ್ನು ಜಾತ್ರೆ ಅಂತಲೂ ಕರೆಯುತ್ತಾರೆ. ಸುಲ್ತಾನನ ಉರುಸು, ದಿನ ಲೆಕ್ಕ ಹಾಕುವುದು ಹಿಂದೂ ಪಂಚಾಂಗದಿಂದ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರ ಜೊತೆ ನಡೆದುಕೊಂಡು ಬರುತ್ತಾರೆ. ಶಂಖ ಊದುತ್ತಾರೆ, ಗೋರಿಯ ಮುಂದೆ ತೆಂಗಿನಕಾಯಿ ಒಡೆಯುತ್ತಾರೆ. ಮುಸ್ಲಿಮರು ಫಾತಿಹಾ ಓದುತ್ತಾರೆ. ಇದು ಯಾರೋ ಹೊಸದಾಗಿ ಸೌಹಾರ್ದಕ್ಕೆ ಅಂತ ಶುರು ಮಾಡಿದ್ದಲ್ಲ. ತಲೆತಲಾಂತರದಿಂದ ನಡೆದು ಬಂದದ್ದು. ಆ ದಿನಗಳಲ್ಲಿ ಹೋಗಲು ಸಾಧ್ಯವಾದರೆ ಬೇರೆ ಎಲ್ಲವನ್ನೂ ಬಿಟ್ಟು ಹೋಗಿ. ತಾರೀಖು ವರ್ಷ ವರ್ಷ ಬದಲಾಗುತ್ತದೆ, ಹೋಳಿಗೆ ಮುಂಚೆಯೇ ಬೀದರಿನವರನ್ನು ಕೇಳಿಕೊಳ್ಳಿ.

ಪಕ್ಕದಲ್ಲೇ ಹುಮಾಯೂನ್ ಶಾನ ಗೋರಿ ಅರ್ಧ ಒಡೆದು ನಿಂತಿದೆ. ಸಿಡಿಲು ಬಡಿದದ್ದು. ಗುಮ್ಮಟ ಸೀಳಿದ ಹಣ್ಣಿನ ಹಾಗೆ ಬಾಯಿ ಬಿಟ್ಟಿರುವುದರಿಂದ ಅದರ ದಪ್ಪ, ಕಲ್ಲು ಗಾರೆ ಕೂರಿಸಿದ ರೀತಿ ಎಲ್ಲ ಹೊರಗೇ ಕಾಣುತ್ತದೆ. ಕಟ್ಟಡ ಕೆಲಸ ಗೊತ್ತಿರುವವರು ಇದರ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ಒಳಗೆ ಮಾತ್ರ ಹೋಗಬೇಡಿ.

ಎರಡನೇ ದಿನ, ಮಧ್ಯಾಹ್ನದ ಮೇಲೆ: ಮದರಸಾ ಮತ್ತು ಕೋಟೆಯೊಳಗಿನ ಮಸೀದಿ

ಜೋಳದ ರೊಟ್ಟಿ, ಪುಂಡಿಪಲ್ಯ ಸಿಗುವ ಖಾನಾವಳಿ ಹುಡುಕಿ ಊಟ ಮಾಡಿ. ಆಮೇಲೆ ಹಳೆ ಊರಿನ ಚೌಬಾರಾ ಗಡಿಯಾರ ಗೋಪುರದ ಹತ್ತಿರ ಇಳಿದು ನಡೆಯಿರಿ. ದಾರಿಯಲ್ಲಿ ಬಿದ್ರಿ ಕೆಲಸದ ಅಂಗಡಿಗಳು. ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸುವ ಆ ಕೆಲಸಕ್ಕೆ ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ಮಣ್ಣಿನಿಂದ. ಬಿಸಿಲು ಮಳೆ ತಾಕದ ಮೂಲೆಯ ಮಣ್ಣು ಬೇಕಂತೆ. ಕುಶಲಕರ್ಮಿಗಳು ಅದನ್ನು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರೆ.

ಮಹಮೂದ್ ಗಾವಾನ್ ಮದರಸಾ ಮುಗಿದದ್ದು 1472ರಲ್ಲಿ. ಗಾವಾನ್ ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದವರು, ಬಹಮನಿ ರಾಜ್ಯದ ಪ್ರಧಾನಿಯಾದರು. ಇಲ್ಲಿ 3,000 ಹಸ್ತಪ್ರತಿಗಳ ಪುಸ್ತಕ ಭಂಡಾರ ಇತ್ತು ಅಂತ ಹಳೆಯ ಇತಿಹಾಸಕಾರರು ಬರೆದಿದ್ದಾರೆ. 1481ರಲ್ಲಿ ಆಗದವರು ಗಾವಾನರ ಮುದ್ರೆ ಒತ್ತಿದ ಖೋಟಾ ಪತ್ರ ಹುಟ್ಟಿಸಿ ಸುಲ್ತಾನನಿಗೆ ತೋರಿಸಿದರು. ಅವನು ತಲೆ ತೆಗೆಸಿದ. ಮರುವರ್ಷ ಅವನೂ ತೀರಿಕೊಂಡ. ರಾಜ್ಯವೂ ಬಹಳ ಕಾಲ ಉಳಿಯಲಿಲ್ಲ. 17ನೇ ಶತಮಾನದ ಕೊನೆಗೆ, ಮೊಘಲರ ಕಾಲದಲ್ಲಿ, ಸಿಡಿಮದ್ದು ತುಂಬಿಟ್ಟಿದ್ದ ಈ ಕಟ್ಟಡಕ್ಕೆ ಬೆಂಕಿ ತಗುಲಿ ಮುಂಭಾಗದ ಅರ್ಧ ಹಾರಿಹೋಯಿತು.

ಉಳಿದಿರುವ ಒಂದು ಮಿನಾರಿನ ಎದುರು ನಿಂತು ದುರ್ಬೀನು ತೆಗೆಯಿರಿ. ಕೆಳಗಿನಿಂದ ಮೇಲಕ್ಕೆ ಅಂಕುಡೊಂಕು ಪಟ್ಟೆಯಲ್ಲಿ ಬಿಲ್ಲೆ ಕೂರಿಸಿದ್ದಾರೆ. ನೀಲಿ, ಬಿಳಿ, ಹಳದಿ. ಬಹಳಷ್ಟು ಉದುರಿವೆ. ಉದುರಿದ ಕಡೆ ಗಾರೆಯಲ್ಲಿ ಬಿಲ್ಲೆಯ ಅಚ್ಚು ಹಾಗೇ ಇದೆ. ಅಲ್ಲಿ ಕಣ್ಣಿಟ್ಟರೆ ಮನಸ್ಸೇ ಬಣ್ಣ ತುಂಬಿಕೊಳ್ಳುತ್ತದೆ.

ಸಂಜೆ ನಾಲ್ಕರ ಮುಂಚೆ ಕೋಟೆ ಸೇರಿ. ಇಲ್ಲಿ ಅರಮನೆಗಳೆಲ್ಲ ಇವೆ, ಆದರೆ ನಮಗೆ ಬೇಕಾದದ್ದು ಸೋಲಹ್ ಖಂಬ ಮಸೀದಿ. 1423–24ರದ್ದು. ಅಂದರೆ ರಾಜಧಾನಿ ಬರುವ ಮುಂಚಿನದು. ಹದಿನಾರು ಕಂಬದ ಮಸೀದಿ ಅಂತ ಹೆಸರು. ಎಣಿಸಿದರೆ ಕಂಬಗಳು ಬಹಳ ಜಾಸ್ತಿ. ಒಂದು ಕಾಲದಲ್ಲಿ ಮುಂದೆ ಅಡ್ಡಗೋಡೆ ಕಟ್ಟಿದ್ದರು, ಹೊರಗಿನಿಂದ ನಡುವಿನ ಹದಿನಾರು ಮಾತ್ರ ಕಾಣುತ್ತಿದ್ದವು. ಹೆಸರು ಹಾಗೇ ನಿಂತಿತು. ಸುಮಾರು 90 ಮೀಟರ್ ಉದ್ದದ ಸಭಾಂಗಣ, ತೋಳಿಗೆ ಸಿಗದಷ್ಟು ದಪ್ಪ ದುಂಡು ಕಂಬಗಳು, ಮೇಲೆ ಅಲಂಕಾರ ಏನೂ ಇಲ್ಲ. ಸಂಜೆ ಬೆಳಕು ಕಂಬಗಳ ಸಾಲಿನಲ್ಲಿ ಓರೆಯಾಗಿ ಬೀಳುವಾಗ ನೋಡಿ.

ಆ ದಿನ ಭಾನುವಾರ ಆಗಿದ್ದರೆ ಬೆಳಿಗ್ಗೆ ಮಂಗಲಪೇಟೆಯ ಮೆಥಡಿಸ್ಟ್ ಚರ್ಚಿಗೂ ಹೋಗಬಹುದು. ಅಮೆರಿಕದ ಮಿಷನರಿಗಳು 19ನೇ ಶತಮಾನದ ಕೊನೆಯಲ್ಲಿ ಈ ಭಾಗಕ್ಕೆ ಬಂದು ಶಾಲೆ, ಆಸ್ಪತ್ರೆ ನಡೆಸಿದರು. ಆರಾಧನೆ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಜೈನರ ಜಾಗ ನೋಡಬೇಕು ಅನ್ನುವವರು ಹತ್ತಿರದ ಕಮಠಾಣದ ಪಾರ್ಶ್ವನಾಥ ಬಸದಿಗೆ ಹೋಗಿ ಬನ್ನಿ.

ಮೂರನೇ ದಿನ: ಹುಮನಾಬಾದ್, ಜಲಸಂಗಿ, ಬಸವಕಲ್ಯಾಣ

ಈ ದಿನಕ್ಕೆ ಕಾರು ಮಾಡಿಕೊಳ್ಳಿ. ಬಸ್ಸಿನಲ್ಲಿ ಮೂರೂ ಮುಗಿಯುವುದಿಲ್ಲ. ಹುಮನಾಬಾದ್ ಬೀದರಿನಿಂದ ಸುಮಾರು 50 ಕಿಲೋಮೀಟರ್. ಊರಿನ ಪಕ್ಕದಲ್ಲೇ ಮಾಣಿಕನಗರ. ಮಾಣಿಕಪ್ರಭುಗಳು 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದವರು. ದತ್ತನ ಅವತಾರ ಅಂತ ಭಕ್ತರ ನಂಬಿಕೆ. ಅವರು ಹೇಳಿದ ದಾರಿಗೆ ಸಕಲಮತ ಸಂಪ್ರದಾಯ ಅಂತ ಹೆಸರು. ಎಲ್ಲ ಮತವೂ ಸಮ್ಮತ ಅನ್ನುವುದು ಅದರ ತಿರುಳು. ಕನ್ನಡ, ಮರಾಠಿ, ಹಿಂದೂಸ್ತಾನಿಯಲ್ಲಿ ಪದ ಕಟ್ಟಿ ಹಾಡಿದರು. ನಿಜಾಮರ ಸೀಮೆಯ ಮುಸ್ಲಿಂ ಭಕ್ತರೂ ಅವರಿಗಿದ್ದರು. ಡಿಸೆಂಬರಿನ ದತ್ತ ಜಯಂತಿಗೆ ದೊಡ್ಡ ಉತ್ಸವ, ಸಂಗೀತ. ಆಗ ಉಳಿಯಲು ಜಾಗ ಸಿಗುವುದು ಕಷ್ಟ.

ಜಲಸಂಗಿ ಹುಮನಾಬಾದಿನ ಹತ್ತಿರದ ಹಳ್ಳಿ. ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೊರಗೋಡೆಯ ಶಿಲಾಬಾಲಿಕೆಯರನ್ನು ನೋಡಿ. ಅವರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು ಕಲ್ಲಿನ ಹಲಗೆಯ ಮೇಲೆ ಬರೆಯುತ್ತಿದ್ದಾಳೆ. ಬರೆದಿರುವುದು ವಿಕ್ರಮಾದಿತ್ಯನ ಹೊಗಳಿಕೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯ. ಅವಳನ್ನು ಶಾಸನ ಸುಂದರಿ ಅಂತ ಕರೆಯುತ್ತಾರೆ. ರಾಜನ ಹೆಸರಿಗಿಂತ ನನಗೆ ಅವಳ ಬೆರಳೇ ಇಷ್ಟ. ಬರೆಯುವವರ ಬೆರಳು ಹೇಗೆ ಮಡಚುತ್ತದೋ ಹಾಗೇ ಮಡಚಿದೆ.

ಬಸವಕಲ್ಯಾಣಕ್ಕೆ ಮಧ್ಯಾಹ್ನದ ಒಳಗೆ ಬನ್ನಿ. ಚಾಲುಕ್ಯರ ರಾಜಧಾನಿ, 12ನೇ ಶತಮಾನದ ಶರಣರ ಊರು. ಬಸವೇಶ್ವರ ದೇವಸ್ಥಾನ, ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, ಅನುಭವ ಮಂಟಪ ನೋಡಿ. ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಹಾಕಿದ್ದಾರೆ. ಅಲ್ಲಮಪ್ರಭು ಶೂನ್ಯಸಿಂಹಾಸನದಲ್ಲಿ ಕೂತದ್ದು ಈ ಊರಿನಲ್ಲಿ ಅಂತ ನೆನೆಯುವಾಗ, ನಿನ್ನೆ ಬೆಳಿಗ್ಗೆ ಅಷ್ಟೂರಿನಲ್ಲಿ ಕೇಳಿದ ಅದೇ ಹೆಸರು ನೆನಪಾಗುತ್ತದೆ ಅಲ್ವಾ? ಊರಲ್ಲೇ ರಾಜಾ ಬಾಗ್ ಸವಾರ್ ದರ್ಗಾ ಇದೆ. ಹುಲಿಯ ಮೇಲೆ ಸವಾರಿ ಮಾಡಿದವರು ಅನ್ನುವುದು ಹೆಸರಿನ ಅರ್ಥ. ದರ್ಗಾಗಳಲ್ಲಿ ಒಳಗಿನ ಕೋಣೆಗೆ ಹೆಂಗಸರು ಹೋಗಬಹುದೋ ಇಲ್ಲವೋ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಬಾಗಿಲಲ್ಲಿ ಕೇಳಿ ಮುಂದೆ ಹೋಗಿ.

ಇನ್ನೊಂದು ದಿನ ಇದ್ದರೆ: ಗಡಿ ದಾಟಿ ಮೆದಕ್

ತೆಲಂಗಾಣದ ಮೆದಕ್ ಚರ್ಚ್ ಬೀದರಿನಿಂದ ನೂರು ಕಿಲೋಮೀಟರಿಗೂ ಜಾಸ್ತಿ. ಆದರೂ ಹೋಗಿ ಅನ್ನುತ್ತೇನೆ. ಒಂದು ಕಾಲಕ್ಕೆ ಎರಡೂ ಒಂದೇ ನಿಜಾಮರ ಸೀಮೆ. ಮಳೆ ಹೋಗಿ ಬರ ಬಿದ್ದಾಗ ಪಾದ್ರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಸುಮ್ನೆ ಕಾಳು ಹಂಚುವುದರ ಬದಲು ಕೆಲಸ ಕೊಟ್ಟು ಊಟ ಕೊಡೋಣ ಅಂದರು. ಹಳ್ಳಿಗಳ ಜನ ವರ್ಷಗಟ್ಟಲೆ ದುಡಿದು ಕಟ್ಟಿದ ಕಟ್ಟಡ ಇದು. 1924ರ ಡಿಸೆಂಬರ್ 25ರಂದು ಬಾಗಿಲು ತೆರೆಯಿತು. ನೂರು ಅಡಿ ಅಗಲ, ಇನ್ನೂರು ಅಡಿ ಉದ್ದ, 175 ಅಡಿಯ ಗಂಟೆ ಗೋಪುರ.

ಒಳಗೆ ಬಣ್ಣದ ಗಾಜಿನ ಮೂರು ದೊಡ್ಡ ಕಿಟಕಿಗಳು. ಯೇಸುವಿನ ಜನನ, ಶಿಲುಬೆ, ಸ್ವರ್ಗಾರೋಹಣ. ಹೊರಗಿನ ಬೆಳಕು ಬಿದ್ದರೆ ಮಾತ್ರ ಚಿತ್ರ ಕಾಣುತ್ತದೆ, ರಾತ್ರಿ ಎಷ್ಟು ದೀಪ ಹಾಕಿದರೂ ಒಳಗಿನಿಂದ ಕಾಣದು. ಅದಕ್ಕೇ ಬೀದರನ್ನು ಬೆಳಿಗ್ಗೆ ಆರಕ್ಕೇ ಬಿಡಿ. ಹತ್ತರ ಹೊತ್ತಿಗೆ ಮೆದಕ್ ಸೇರಿದರೆ ಒಂದು ಕಿಟಕಿ ಉರಿಯುತ್ತಿರುತ್ತದೆ. ಹೊರಗೆ ಮರದಡಿ ಬುತ್ತಿ ಬಿಚ್ಚಿ ಊಟ ಮಾಡಿ, ಮೂರು ಗಂಟೆಗೆ ಮತ್ತೆ ಒಳಗೆ ಹೋಗಿ. ಆಗ ಇನ್ನೊಂದಕ್ಕೆ ಬೆಳಕು ಬಂದಿರುತ್ತದೆ.